ಹೊಳೆ ದಾಟಿದ ಕೈ

ಫಾರ್ಗೋದಲ್ಲಿ ಫ್ಲಾಸ್ಕಿಗೆ ಸುರಿದ ಕಾಫಿ
ಮೂರ್‌ಹೆಡ್‌ನಲ್ಲಿ ಇನ್ನೂ ತುಟಿ ಸುಡುತ್ತಿತ್ತು.
ಅಷ್ಟೇ ದೂರ ನಾನು ಮನೆ ಬದಲಿಸಿದ್ದು.
ನಡುವೆ ಒಂದು ಸೇತುವೆ, ಕೆಳಗೆ
ಫೆಬ್ರವರಿಯ ಹೆಪ್ಪುಗಟ್ಟಿದ ಕೆಂಪು ಹೊಳೆ,
ಹೆಸರಿಗಷ್ಟೇ ಕೆಂಪು;
ನೋಡಿದರೆ ತೊಳೆದು ಬೋರಲು ಹಾಕಿದ ಬೆಡ್‌ಪ್ಯಾನಿನ ಬಣ್ಣ.

ಮೂವತ್ತೊಂದು ವರ್ಷ ನಾನು, ಆರ್ಡಿಸ್ ಕ್ವಾಮೆ,
ಆ ದಡದಲ್ಲಿ ನರ್ಸು.
ನನ್ನ ಲೈಸೆನ್ಸಿಗೆ ಕಾಲುಗಳಿದ್ದವು.
ಟೆಕ್ಸಸ್ಸಿನವರೆಗೆ ನಡೆಯಬಲ್ಲದು,
ಫ್ಲಾರಿಡಾದ ಮುದುಕರ ರಕ್ತದೊತ್ತಡ ನೋಡಬಲ್ಲದು.
ನಲವತ್ತು ಚಿಲ್ಲರೆ ರಾಜ್ಯಗಳು ಕೂಡಿ ಬರೆದುಕೊಂಡ ಒಪ್ಪಂದ;
ಮಿನೆಸೋಟಾ ಮಾತ್ರ ಆ ಪಂಕ್ತಿಯಲ್ಲಿ ಕೂತಿಲ್ಲ.

ಕಾಗದಕ್ಕೆ ನೆಲೆ ಮುಖ್ಯವಂತೆ:
ಎಲ್ಲಿ ದುಡಿಯುತ್ತೀಯೋ ಅಲ್ಲಿಯವಳಲ್ಲ,
ಎಲ್ಲಿ ಮಲಗುತ್ತೀಯೋ ಅಲ್ಲಿಯವಳು.
ನಾನು ಮಲಗಿದ್ದು ತಂಗಿ ಕೊರಿನ್‌ಳ ಸೋಫಾದ ಮೇಲೆ.
ಡ್ರೈವಿಂಗ್ ಲೈಸೆನ್ಸಿನ ವಿಳಾಸ ತಿದ್ದಿಸಿದ ದಿನ
ಆ ಕಾಲುಗಳೆಲ್ಲ ಮುದುಡಿ
ಆಚೆ ದಡಕ್ಕೊಂದೇ ಸಲ್ಲುವ ಚೀಟಿ ಉಳಿಯಿತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ.
ನನಗೆ ಹಂಗು ಶುರುವಾದದ್ದೇ ದಾಟಿದ ಮೇಲೆ.

ಅರ್ಜಿ ತುಂಬಿದೆ, ಶುಲ್ಕ ಕಟ್ಟಿದೆ.
ನಾನು ಓದಿದ ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿ
ಆ ಕಟ್ಟಡದಲ್ಲೀಗ ಟೈರು ಮಾರುತ್ತಾರೆ;
ಅದನ್ನೂ ಬರೆದೆ, ಕೇಳಿರಲಿಲ್ಲ, ಆದರೂ.
ಬೆರಳಚ್ಚು ಕೊಟ್ಟೆ. ತಿರುಗಿ ಬಂತು.
ಗೆರೆ ಮೂಡಿಲ್ಲವಂತೆ.
ಎರಡನೆಯ ಸಲ ಶೆರೀಫ್ ಕಚೇರಿಯ ಹುಡುಗ
ನನ್ನ ಹೆಬ್ಬೆರಳನ್ನು ದೀಪಕ್ಕೆ ಹಿಡಿದು ಕೇಳಿದ:
"ಏನು ಕೆಲಸ ನಿಮ್ಮದು, ಇಟ್ಟಿಗೆ ಹೊರುತ್ತೀರಾ?"
"ಕೈ ತೊಳೆಯುತ್ತೇನೆ" ಎಂದೆ.
ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವ ಮುನ್ನ,
ಹೋಗಿ ಬಂದ ಮೇಲೆ,
ಮತ್ತೆ ಮನೆಗೆ ಹೋಗಿ, ಯಾರೂ ಇಲ್ಲದಾಗಲೂ.
ನರ್ಸೆಂಬುದಕ್ಕೆ ಮೈಮೇಲಿದ್ದ ಒಂದೇ ಗುರುತು
ನಾನು ನಾನೇ ಎಂಬ ಗುರುತನ್ನು ತಿಂದುಹಾಕಿತ್ತು.

ಒಳಕೋಣೆಯಲ್ಲಿ ಡೆಲ್ಮರ್, ತಂಗಿಯ ಗಂಡ,
ಸಕ್ಕರೆಗೆಡ್ಡೆ ಲಾರಿ ಓಡಿಸಿದ ತೋಳು
ಈಗ ಹೊದಿಕೆಗಿಂತ ಹಗುರ.
ಹಾಸ್ಪಿಸ್‌ನಿಂದ ಬಂದವಳು ಶಿಲಾನ್, ನನ್ನ ಅರ್ಧ ವಯಸ್ಸು.
"ಮಾರ್ಫಿನ್ ಮನೆಯವರು ಕೊಡಬಹುದು," ಅಂದಳು.
ಕೊರಿನ್‌ಳ ಕೈ ನಡುಗಿತು.
"ನೀವು?"
"ಅಕ್ಕ," ಎಂದೆ.
"ಸರಿ. ಕಾಲು ಮಿಲಿ. ಕೆನ್ನೆಯ ಒಳಬದಿಗೆ.
ಗುಳ್ಳೆ ಕಂಡರೆ ಬೆರಳಲ್ಲಿ ತಟ್ಟಿ."
ಹೊಸ ಹುಡುಗಿಯ ಹಾಗೆ ತಲೆಯಾಡಿಸಿದೆ.
ಆದರೆ ಬೆರಳು ಸುಳ್ಳು ಹೇಳಲೊಲ್ಲದು;
ನಾನು ತಟ್ಟಿದ ರೀತಿ ನೋಡಿ ಅವಳು ಸುಮ್ಮನಾದಳು.
"ಎಲ್ಲಿ ಕೆಲಸ ಮಾಡಿದ್ದು?"
"ಆಚೆ."
ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ಹೇಳಿದಳು:
ಅವಳಮ್ಮ ದುಹೋಕ್‌ನಲ್ಲಿ ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದವಳು,
ಇಲ್ಲಿ ಹೋಟೆಲಿನ ಹಾಸಿಗೆ ಬಟ್ಟೆ ಮಡಚುತ್ತಾಳೆ.
ಅವಳ ಹೊಳೆ ಸ್ವಲ್ಪ ಅಗಲ.

ರಾತ್ರಿ ಮೂರಕ್ಕೆ ಡೆಲ್ಮರ್ ಕಣ್ಣು ಬಿಟ್ಟ.
"ನರ್ಸ್?"
"ಅಲ್ಲ, ಆರ್ಡಿಸ್."
"ಅದೇ ಮತ್ತೆ," ಅಂದ, ಬಾಯಿ ತೆರೆದ.

ಹೊತ್ತು, ಅಳತೆ, ಉಸಿರಿನ ಲೆಕ್ಕ ಬರೆದಿಟ್ಟೆ
ಕಿರಾಣಿ ಪಟ್ಟಿಯ ಹಿಂದೆ.
ಸಹಿಯ ಕೊನೆಗೆ ಹಾಕುವ ಎರಡಕ್ಷರಕ್ಕೆ
ಪೆನ್ನು ತಾನಾಗಿಯೇ ಸರಿಯಿತು.
ತಡೆದು ಬರೆದೆ: ಕೊರಿನ್‌ಳ ಅಕ್ಕ.

ಅವನು ಹೋದ ಬೆಳಗ್ಗೆ ಶಿಲಾನ್ ಬಂದು
ಉಳಿದ ಮಾರ್ಫಿನ್ನನ್ನು ಕಾಫಿಯ ಚರಟಕ್ಕೆ ಕಲಸಿದಳು.
ಕೆಳಗೊಂದು ಗೆರೆ: ಸಾಕ್ಷಿ. ಪಕ್ಕದಲ್ಲಿ: ಹುದ್ದೆ.
ನನ್ನ ಮುಖ ನೋಡಿ
ಆ ಮನೆಯನ್ನು ಖಾಲಿ ಬಿಟ್ಟಳು.

ಲೈಸೆನ್ಸು ಬಂದದ್ದು ಏಪ್ರಿಲಿನಲ್ಲಿ,
ಹೊಳೆಯ ಮಂಜುಗಡ್ಡೆ ಒಡೆದ ವಾರ.
ನಾನು ಸಿಂಕಿನ ಮುಂದಿದ್ದೆ, ಕೈಯೆಲ್ಲ ಸೋಪು.
ಕೊರಿನ್ ಓದಿದಳು,
ಒಂದೊಂದೇ ಅಂಕಿ,
ನಡುವೆ ನಿಲ್ಲಿಸಿ, ಮತ್ತೆ.